‘ಏನೂ ಆಗಿಲ್ಲ ಬಿಡ್ರೀ’

ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ಬರೆದ ‘ಆನ್ ಡೆತ್ ಅಂಡ್ ಡೈಯಿಂಗ್’ ಅಮೆರಿಕದಲ್ಲಿ ಪ್ರಕಟವಾದದ್ದು 1969ರಲ್ಲಿ. ಅದನ್ನು ಓದದವರ ಬಾಯಲ್ಲೂ ಅದರ ಐದು ಹಂತಗಳು ಓಡಾಡುತ್ತವೆ: ಅಲ್ಲಗಳೆಯುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಸಾವಿನಂಚಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ರೋಗಿಗಳ ಮಾತನ್ನು ಕೂತು ಕೇಳಿ ಬರೆದ ಪುಸ್ತಕವಿದು. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಚಿಕ್ಕೋಡಿಯ ನನ್ನ ಮನೆಯಲ್ಲಿ ಕುಳಿತು ಮೊದಲ ಹಂತದ ಅಧ್ಯಾಯ ಓದುವಾಗ ಒಂದು ಪ್ರಶ್ನೆ ಬಿಡದೆ ಕಾಡಿತು. ಯಾರೂ ಹೇಳದೇ ಇದ್ದುದನ್ನು ಒಬ್ಬಾಕೆ ಅಲ್ಲಗಳೆಯುವುದಾದರೂ ಹೇಗೆ?

ಆ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ತನ್ನ ಎಕ್ಸ್‌ರೇ ಅದಲುಬದಲಾಗಿದೆ, ಇನ್ನಾರದೋ ವರದಿಯ ಮೇಲೆ ತನ್ನ ಹೆಸರು ಬಿದ್ದಿದೆ ಎಂದು ಆಕೆಯ ನಂಬಿಕೆ. ಪಾಪ ಎನಿಸುತ್ತದೆ, ಸ್ವಲ್ಪ ಅಸೂಯೆಯೂ ಆಗುತ್ತದೆ. ಅನುಮಾನ ಪಡುವುದಕ್ಕಾದರೂ ಆಕೆಗೆ ಸುದ್ದಿ ಮುಟ್ಟಿತ್ತಲ್ಲ! ಅಥಣಿ, ಕಾಗವಾಡ, ರಾಯಬಾಗದ ಕಡೆಯಿಂದ ಮಿರಜಿಗೋ ಬೆಳಗಾವಿಗೋ ಹೋಗುವ ನಮ್ಮ ಹೆಣ್ಣುಮಗಳ ಫೈಲು ಎಷ್ಟೋ ಸಲ ಮಗನ ಕೈಯಲ್ಲೋ ಮೈದುನನ ಕೈಯಲ್ಲೋ ಇರುತ್ತದೆ. ಡಾಕ್ಟರು ಅವರನ್ನು ಒಳಗೆ ಕರೆಯುತ್ತಾರೆ, ಆಕೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಹೊರಬಂದ ಮಗ ‘ಬರೇ ಗಂಟಂತ ಅವ್ವಾ, ಔಷಧಕ್ಕ ಕರಗತೈತಿ’ ಎನ್ನುತ್ತಾನೆ. ಮುಂದೆ ನೋಡಲು ಬಂದವರಿಗೆ ಆಕೆ ‘ಏನೂ ಆಗಿಲ್ಲ ಬಿಡ್ರೀ’ ಎಂದರೆ, ಅದನ್ನು ಆಕೆಯ ಮನಸ್ಸಿನ ಖಾತೆಗೆ ಬರೆಯುವುದು ಯಾವ ನ್ಯಾಯ?

ಆಕೆಗೆ ಗೊತ್ತಿರುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ನನ್ನ ಸೋದರತ್ತೆ ಕೊನೆಯವರೆಗೂ ‘ಪಿತ್ತ ಆಗೇತಿ’ ಎಂದೇ ಹೇಳಿದಳು. ಆ ದೀಪಾವಳಿಗೆ ಮಾತ್ರ ಟ್ರಂಕು ತೆಗೆದು, ತನ್ನ ಇಳಕಲ್ಲ ಸೀರೆಗಳನ್ನು ಇದು ಇಂಥವಳಿಗೆ, ಇದು ಇಂಥವಳಿಗೆ ಎಂದು ಹೆಸರಿಟ್ಟು ಹಂಚಿದಳು. ಮಕ್ಕಳು ಅವಳಿಗೆ ಗೊತ್ತಾಗಬಾರದೆಂದು ಸುಮ್ಮನಿದ್ದರು. ಮಕ್ಕಳಿಗೆ ನೋವಾಗಬಾರದೆಂದು ಅವಳು ಸುಮ್ಮನಿದ್ದಳು. ಇದಕ್ಕೆ ಐದು ಹಂತಗಳಲ್ಲಿ ಯಾವ ಹೆಸರು?

ಪುಸ್ತಕಕ್ಕೆ ಅನ್ಯಾಯ ಮಾಡಬಾರದು. ಅಲ್ಲಗಳೆಯುವುದು ಪೆಟ್ಟು ತಡೆಯುವ ಮೆತ್ತೆಯಿದ್ದಂತೆ, ಹೆಚ್ಚಿನವರಲ್ಲಿ ಕೆಲಕಾಲದ್ದು ಎಂದು ಲೇಖಕಿಯೇ ಹೇಳುತ್ತಾರೆ. ಇನ್ನೂ ಹರಿತವಾದ ಮಾತೊಂದಿದೆ: ಸತ್ಯಕ್ಕೆ ಮುಖ ತಿರುಗಿಸುವ ಅಗತ್ಯ ಯಾವ ಡಾಕ್ಟರಿಗಿದೆಯೋ, ಅವರಿಗೆ ತಮ್ಮ ರೋಗಿಗಳಲ್ಲೂ ಅದೇ ಕಾಣುತ್ತದೆಯಂತೆ. ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ಬೆಲೆಯದೆನಿಸಿದ್ದು ಇದೇ. ಡಾಕ್ಟರ ಜಾಗದಲ್ಲಿ ಮನೆಯನ್ನಿಟ್ಟು, ಮನೆಯ ಜಾಗದಲ್ಲಿ ಊರನ್ನಿಟ್ಟು ನೋಡಿ. ನಿಪ್ಪಾಣಿ ಕಣ್ಣಮುಂದೆ ಬರುತ್ತದೆ.

ಅಲ್ಲಿಯ ಬೆಳೆಗಾರರು 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕಿನ ಬೆಲೆಗಾಗಿ ಹೆದ್ದಾರಿ ತಡೆದರು. ತಂಬಾಕು ಕೆಲಸದ ಹೆಂಗಸರು ಸಂಘಟಿತರಾದ ಕಥೆಯನ್ನು ಛಾಯಾ ದಾತಾರ್ 1989ರಲ್ಲಿ ಪುಸ್ತಕವಾಗಿಯೇ ತಂದರು. ಬೆಲೆಯ ಬಗ್ಗೆ, ಕೂಲಿಯ ಬಗ್ಗೆ ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದ ಸೀಮೆಯಿದು. ಆದರೆ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವವಳ ಬಾಯಲ್ಲಿ ಹುಣ್ಣಾದರೆ ಅದು ‘ಉಷ್ಣ’. ಅನ್ನ ಕೊಡುವ ಎಲೆಯ ಮೇಲೆ ದೂರು ಹೇಳುವವರು ಯಾರು? ಬೀಡಿ ಕಟ್ಟುವವಳಿಗಂತೂ ಸಾವಿರದ ಲೆಕ್ಕದಲ್ಲಿ ಕೂಲಿ. ದವಾಖಾನೆಗೆ ಹೋದ ದಿನದ ಕೂಲಿ ಇಲ್ಲ. ಅವಳ ‘ಏನೂ ಆಗಿಲ್ಲ’ದೊಳಗೆ ಮನಶ್ಶಾಸ್ತ್ರಕ್ಕಿಂತ ಹೆಚ್ಚಾಗಿ ಸಂತೆಯ ಲೆಕ್ಕವಿದೆ.

ಕ್ಯೂಬ್ಲರ್-ರಾಸ್ ಅವರ ಪುಸ್ತಕ ನನಗೆ ಸಾಲದಾಗುವುದು ಇಲ್ಲಿ. ಅವರ ರೋಗಿಗಳು ಔಷಧದ ಕೈಮೀರಿದವರು. ಅಂಥವರ ಅಲ್ಲಗಳೆತವನ್ನು ಕದಡದೆ ಬಿಡುವುದೇ ಕರುಣೆಯಾಗಬಹುದು. ಸೋದರತ್ತೆಯ ಪಿತ್ತವನ್ನು ನಾನೂ ತಿದ್ದುತ್ತಿರಲಿಲ್ಲ. ನಮ್ಮ ಕಡೆ ಅದು ಶುರುವಾಗುವುದು ವರದಿಗಿಂತ ಎಷ್ಟೋ ಮೊದಲು, ಗುಣವಾಗುವ ದಾರಿ ಇನ್ನೂ ತೆರೆದಿರುವಾಗ. ಎದೆಯಲ್ಲಿ ಗಂಟು, ನೋವಿಲ್ಲ, ಆದ್ದರಿಂದ ಏನೂ ಇಲ್ಲ. ಮೊದಮೊದಲು ಹೆಚ್ಚಿನ ಗಂಟುಗಳು ನೋಯುವುದೇ ಇಲ್ಲವೆಂದು ಆಕೆಗೆ ಯಾರೂ ಹೇಳಿಲ್ಲ. ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಒಂದು ಬಿಳಿ ಮಚ್ಚೆ; ಮಗಳ ಮದುವೆ ಮುಗಿಯಲಿ, ಕಬ್ಬಿನ ಬಿಲ್ಲು ಬರಲಿ. ಬಿಲ್ಲು ಬಂದಾಗ ಎತ್ತಿನ ಸಾಲ ಮೊದಲು ತೀರುತ್ತದೆ. ಅಷ್ಟು ಹೊತ್ತಿಗೆ ಹುಣ್ಣಿಗೆ ಬಾಯಿ ತೆರೆಯಲಾಗದ ಸ್ಥಿತಿ. ಆಗ ಆಕೆಯನ್ನು ಮಿರಜಿನ ಬಸ್ಸಿಗೆ ಹತ್ತಿಸುತ್ತಾರೆ, ಫೈಲನ್ನು ಮಗ ಹಿಡಿದುಕೊಳ್ಳುತ್ತಾನೆ.