ಉದ್ದಕ್ಕೆ ಮೊಳವಿದೆ, ದಪ್ಪಕ್ಕೆ?

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗರ್ಭಗುಡಿಯಲ್ಲಿ ಮರದಡಿ ನಿಂತ ಕೃಷ್ಣನ ಕೈಯಲ್ಲಿರುವುದು ಕೊಳಲು, ಬಿಲ್ಲಲ್ಲ. ಆದರೂ ಮಂಜಿನೊಳಗಿಂದ ಬಸ್ಸು ಇಳಿದು ಬರುವಷ್ಟು ಹೊತ್ತೂ ನನ್ನ ತಲೆಯಲ್ಲಿದ್ದದ್ದು ಬಿಲ್ಲೇ. ಕೊಳಲಿಗೆ ತೆಳುಗೋಡೆಯ, ಗೆಣ್ಣು ದೂರ ದೂರವಿರುವ ಬಿದಿರು ಬೇಕು. ಬಿಲ್ಲಿಗೆ ಬೇಕಾದ್ದು ಒಳಗೆ ಪೊಳ್ಳು ಕಡಿಮೆಯಿರುವ ಗಟ್ಟಿ ಬಿದಿರು. ಎರಡೂ ಒಂದೇ ಹುಲ್ಲಿನ ಕುಲ. ಗೋಡೆಯ ದಪ್ಪ ಬೇರೆ, ಅಷ್ಟೆ.

ಈ ದಪ್ಪದ ವಿಚಾರದಲ್ಲೇ ನನಗೆ ನಮ್ಮ ಧನುರ್ವಿದ್ಯೆಯ ಗ್ರಂಥಗಳ ಮೇಲೆ ಒಂದು ತಕರಾರಿದೆ. ಮೊದಲು ಅವುಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸಿಬಿಡುತ್ತೇನೆ. ಅಗ್ನಿಪುರಾಣ ಕಾಲಾಳುವಿನ ಬಿಲ್ಲನ್ನು ಮೂರು ದರ್ಜೆ ಮಾಡುತ್ತದೆ: ನಾಲ್ಕು ಮೊಳದ್ದು ಶ್ರೇಷ್ಠ, ಮೂರೂವರೆ ಮೊಳದ್ದು ಮಧ್ಯಮ, ಮೂರು ಮೊಳದ್ದು ಕನಿಷ್ಠ. ಓದಿದಾಗ ಇದೂ ಶಾಸ್ತ್ರಕಾರರ ವರ್ಗೀಕರಣದ ಚಟವೇ ಇರಬೇಕು ಅನ್ನಿಸಿತ್ತು. ಲೆಕ್ಕ ಹಾಕಿದೆ. ಮೊಳಕ್ಕೆ ಸುಮಾರು 18 ಇಂಚು ಹಿಡಿದರೆ ಕ್ರಮವಾಗಿ 72, 63, 54 ಇಂಚು. ಆ ಅಳತೆಯ ಮೊಳಗೈ ಇರುವವನು ಹೆದೆಯನ್ನು ಗಲ್ಲದವರೆಗೆ ಎಳೆದರೆ ಅಂಬು ಹೆಚ್ಚುಕಡಿಮೆ 28 ಇಂಚು ಹಿಂದೆ ಬರುತ್ತದೆ. ಬರೀ ಮರದ ಬಿಲ್ಲು ಈ ಎಳೆತದ ಎರಡರಷ್ಟು, ಮೇಲೆ ಒಂದು ಹತ್ತು ಇಂಚು ಇರಬೇಕೆಂಬುದು ಇವತ್ತಿಗೂ ಬಿಲ್ಲು ಕೆತ್ತುವವರ ಅಂದಾಜು. ಅಂದರೆ 66. ನಾಲ್ಕು ಮೊಳದ್ದು ನಿಶ್ಚಿಂತೆ, ಮೂರೂವರೆಯದು ಬಿಗಿ, ಮೂರು ಮೊಳದ್ದನ್ನು ಪೂರ್ತಿ ಎಳೆದರೆ ಸಿಡಿಯುವ ಭಯ. ಪುರಾಣದ ದರ್ಜೆ ಮರದ ಗುಣಕ್ಕೆ ಸರಿಯಾಗಿ ಕೂರುತ್ತದೆ!

ಮೊಳದ ಲೆಕ್ಕಕ್ಕೆ ಇನ್ನೊಂದು ಹೆಚ್ಚುಗಾರಿಕೆಯೂ ಇದೆ. ಅದು ಎಸೆಯುವವನ ಮೈಯಿಂದಲೇ ಹುಟ್ಟಿದ ಅಳತೆ. ಗಿಡ್ಡನಿಗೆ ಗಿಡ್ಡ ಬಿಲ್ಲು, ಎತ್ತರದವನಿಗೆ ಎತ್ತರದ್ದು. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಮೊಳದ ಅಳತೆಗೆ ಧನುಸ್ಸು ಎನ್ನುತ್ತದೆ, ಅದನ್ನೇ ಪೌರುಷ ಎಂದೂ ಕರೆಯುತ್ತದೆ, ಅಂದರೆ ಆಳೆತ್ತರ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡ ಭಾರತದ ಕಾಲಾಳುಗಳ ಬಿಲ್ಲೂ ಹಿಡಿದವನಷ್ಟೇ ಉದ್ದವಿತ್ತಂತೆ. ಅದರ ಒಂದು ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರಂತೆ. ಅಂಗಡಿಯ ಇಂಚು ಪಟ್ಟಿಗಿಂತ ಈ ಆಳೆತ್ತರದ ಅಳತೆ ನನಗೆ ಹೆಚ್ಚು ಹಿಡಿಸುತ್ತದೆ.

ಆದರೆ ಉದ್ದ ಸುಲಭದ ಭಾಗ. ಹಿಡಿಯ ಮೇಲೊಂದು ಕೆಳಗೊಂದು ಇರುವ ತೋಳುಗಳ ಅಗಲವೆಷ್ಟು, ದಪ್ಪವೆಷ್ಟು ಎಂಬಲ್ಲಿಗೆ ಬಂದಾಗ ಶ್ರೇಷ್ಠ, ಮಧ್ಯಮ, ಕನಿಷ್ಠದ ಪಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಬಿಲ್ಲು ಬಿಲ್ಲಾಗುವುದು ಅಲ್ಲೇ.

ಬಾಗಿದ ತೋಳಿನ ಗುರಿಯ ಕಡೆಯ ಬೆನ್ನು ಹಿಗ್ಗುತ್ತದೆ, ಎಸೆಯುವವನ ಕಡೆಯ ಹೊಟ್ಟೆ ಕುಗ್ಗುತ್ತದೆ, ನಡುವಿನ ಮರಕ್ಕೆ ಹೆಚ್ಚಿನ ಕೆಲಸವಿಲ್ಲ. ಅಗಲ ಹೆಚ್ಚಿಸುವುದೆಂದರೆ ಒಂದು ಬಿಲ್ಲಿನ ಪಕ್ಕಕ್ಕೆ ಇನ್ನೊಂದನ್ನು ಕಟ್ಟಿದಂತೆ. ಅಗಲ ಎರಡರಷ್ಟಾದರೆ ಬಲವೂ ಎರಡರಷ್ಟು, ಮರಕ್ಕೆ ಆಗುವ ಹಿಂಸೆ ಮಾತ್ರ ಅಷ್ಟೇ. ದಪ್ಪದ ದಾರಿ ಬೇರೆ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ, ಜೊತೆಗೆ ಅದೇ ಬಾಗಿಗೆ ಬೆನ್ನಿನ ನಾರು ಎರಡರಷ್ಟು ಹಿಗ್ಗಬೇಕಾಗುತ್ತದೆ. ಪೂರ್ತಿ ಎಳೆಯಲು 40 ಪೌಂಡು ಬಲ ಬೇಕಾದ ಬಿಲ್ಲೊಂದರ ತೋಳು ಒಂದೂವರೆ ಇಂಚು ಅಗಲ, ಅರ್ಧ ಇಂಚು ದಪ್ಪ ಅಂದುಕೊಳ್ಳಿ. ಅಗಲದಲ್ಲಿ ಇಂಚಿನ ಎಂಟನೇ ಒಂದು ಪಾಲು ಕೆರೆದು ತೆಗೆದರೆ 37ರ ಹತ್ತಿರ ನಿಲ್ಲುತ್ತದೆ. ಅದೇ ಎಂಟನೇ ಒಂದು ಪಾಲನ್ನು ದಪ್ಪದಲ್ಲಿ ತೆಗೆದರೆ 17ಕ್ಕೆ ಬಂದು ಮಕ್ಕಳ ಆಟಿಕೆಯಾಗುತ್ತದೆ.

ಇದನ್ನು ಕಾಗದದ ಮೇಲೆ ಚೆನ್ನಾಗಿ ತಿಳಿದುಕೊಂಡೇ ನಾನು ನನ್ನ ಬಿಲ್ಲನ್ನು ಕೆಡಿಸಿದೆ. ನನಗೆ ಸಿಕ್ಕಿದ್ದು ತಡಸಲು ಮರ, ಹಂಗಳದ ಕಡೆಯ ಹಿತ್ತಿಲೊಂದರಲ್ಲಿ ಮುರಿದು ಬಿದ್ದಿದ್ದ ಎತ್ತಿನ ಗಾಡಿಯ ಮೂಕಿ. ಬೆಟ್ಟದ ಸುತ್ತಲಿನದು 1973ರಿಂದ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು. ಅಲ್ಲಿ ಕೊಂಬೆ ಮುರಿಯುವ ಮಾತೇ ಇಲ್ಲ. ಕೊಡಲಿ ಕಾವಿಗೂ ಗಾಡಿಗೂ ಹೆಸರಾದ ಈ ತಡಸಲಿಗೆ ಸಂಸ್ಕೃತದಲ್ಲಿ ಧನ್ವನ ಎಂದು ಹೆಸರು, ಬಿಲ್ಲಿನ ನೆಂಟಸ್ತನ ಹೆಸರಲ್ಲೇ ಇದೆ. ಹಿಡಿಯ ಪಕ್ಕ ಒಂದೂವರೆ ಇಂಚು ಅಗಲ ಇಟ್ಟು ಹೆದೆ ಸಿಕ್ಕಿಸುವ ಕೊಪ್ಪಿನ ಹತ್ತಿರ ಅರ್ಧ ಇಂಚಿಗೆ ಇಳಿಸಿದೆ. ಮುರಿದೀತೆಂಬ ಹೆದರಿಕೆಯಲ್ಲಿ ಕೊಪ್ಪಿನ ಕಡೆ ದಪ್ಪ ಉಳಿಸಿ, ಹಿಡಿಯ ಹತ್ತಿರ ಹೆಚ್ಚು ಕೆರೆದೆ. ಆದದ್ದೇನು? ಬಾಗೆಲ್ಲ ಹಿಡಿಯ ಪಕ್ಕದಲ್ಲೇ ನಿಂತಿತು, ತುದಿಗಳು ಕೋಲಿನಂತೆ ಬಿಗಿದುಕೊಂಡವು. ಹೆದೆ ಬಿಟ್ಟಾಗ ಭಾರದ ತುದಿಗಳನ್ನು ಹೊತ್ತೊಯ್ಯುವುದರಲ್ಲೇ ಬಿಲ್ಲಿನ ಶಕ್ತಿ ಕರಗಿತು. ಅಂಬು ಸೋಮಾರಿಯಾಗಿ ಹೋಯಿತು, ಕೈ ಮಾತ್ರ ಝಲ್ಲೆಂದಿತು. ಅದನ್ನು ನೋಡಿದ ಗುಂಡ್ಲುಪೇಟೆಯ ಆಚಾರಿಯೊಬ್ಬರು, "ತುದೀಲಿ ಯಾಕ್ ಸ್ವಾಮಿ ಇಷ್ಟೊಂದು ಮರ ಮಡಗಿದ್ದೀರಿ?" ಎಂದರು. ಅವರು ಬಿಲ್ಲು ಮಾಡಿದವರಲ್ಲ, ಕೊಡಲಿಗೆ ಕಾವು ಹಾಕುವವರು. ಬೀಸುವ ವಸ್ತುವಿನಲ್ಲಿ ಭಾರ ಎಲ್ಲಿರಬೇಕೆಂದು ಅವರ ಕೈಗೆ ಗೊತ್ತಿತ್ತು.

ಮರಕ್ಕೆ ಒಗ್ಗದ ಆಕಾರ ಕೆತ್ತುವ ತಪ್ಪು ಪಶ್ಚಿಮದಲ್ಲೂ ಬಹುಕಾಲ ನಡೆಯಿತು. ಇಂಗ್ಲಿಷರ ಉದ್ದಬಿಲ್ಲಿನ ಕಿರಿದಾದ, ಹೊಟ್ಟೆ ಉಬ್ಬಿದ ಆಕಾರ ಯೂ ಮರಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಆ ಮರದ ತಿರುಳು ಒತ್ತಡವನ್ನು ಅಸಾಧಾರಣವಾಗಿ ತಾಳುತ್ತದೆ. ಅದೇ ಆಕಾರವನ್ನು ಬೇರೆ ಹಲವು ಮರಗಳಲ್ಲಿ ಕೆತ್ತಿದರೆ ಹೊಟ್ಟೆಯ ನಾರು ಜಜ್ಜಿಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಹಿಕ್‌ಮನ್ ಮತ್ತು ಅವರ ಸಂಗಡಿಗರು ಬಿಲ್ಲನ್ನು ಪ್ರಯೋಗಶಾಲೆಗೆ ತಂದು, ಅಗಲವಾದ ಚಪ್ಪಟೆ ತೋಳಿನ ಪರ ವಾದಿಸಿದರು. ದಪ್ಪ ಎಲ್ಲೆಡೆ ಒಂದೇ ಇಟ್ಟು, ಅಗಲವನ್ನು ಹಿಡಿಯಿಂದ ಕೊಪ್ಪಿಗೆ ನೇರ ಗೆರೆಯಲ್ಲಿ ಇಳಿಸುತ್ತ ಹೋದರೆ ತೋಳು ವೃತ್ತದ ಕಂಸದಂತೆ ಒಂದೇ ಸಮನೆ ಬಾಗುತ್ತದೆ. ಎಲ್ಲೂ ಒಂದೇ ಕಡೆ ಹೊರೆ ಬೀಳದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಆದರೆ ಕತ್ತರಿಸಿದ ಹಲಗೆಯಂಥ ಆ ರೂಪ ನೋಡಲು ಚೆಂದವೇ ಎಂದು ಕೇಳಬೇಡಿ. ಚೆಂದ ಬೇಕಾದವರು ಹೊಯ್ಸಳ ಶಿಲ್ಪ ನೋಡಲಿ. ಹಳೇಬೀಡಿನ ಗೋಡೆಯ ಕರ್ಣಾರ್ಜುನರ ಬಿಲ್ಲುಗಳನ್ನು ಈ ಲೆಕ್ಕಕ್ಕೆ ಹಚ್ಚುವುದು ಅನ್ಯಾಯ. ಕಲ್ಲು ಬಾಗುವುದಿಲ್ಲ, ತೆಳ್ಳಗೆ ಕೊರೆದರೆ ಮುರಿಯುತ್ತದೆ.

ಬಿದಿರಿನಲ್ಲಿ ನಿಯಮ ಮತ್ತೆ ತಿರುಗುತ್ತದೆ. ಅದರ ನಾರೆಲ್ಲ ಹೊರಸಿಪ್ಪೆಯ ಬಳಿ ಒತ್ತಾಗಿದೆ. ಹಾಗಾಗಿ ಸಿಪ್ಪೆಯನ್ನು ಬೆನ್ನಿಗಿಟ್ಟು ಮುಟ್ಟದೆ, ತೆಗೆಯುವುದನ್ನೆಲ್ಲ ಒಳಗಡೆಯಿಂದಲೇ ತೆಗೆಯಬೇಕು. ನಮ್ಮ ರಾಷ್ಟ್ರೀಯ ಸ್ಪರ್ಧೆಗಳ 'ಇಂಡಿಯನ್ ರೌಂಡ್' ವಿಭಾಗದಲ್ಲಿ 50 ಮತ್ತು 30 ಮೀಟರಿಗೆ ಎಸೆಯುವವರ ಕೈಯಲ್ಲಿ ಬಿದಿರು, ಮರದ ಬಿಲ್ಲು ಇನ್ನೂ ಬದುಕಿದೆ.

ಅಳತೆಪಟ್ಟಿ ಹೇಳದ ಇನ್ನೊಂದು ಸಂಗತಿ ಹವೆ. 1454 ಮೀಟರ್ ಎತ್ತರದ ಬೆಟ್ಟದ ಮಂಜಿನಲ್ಲಿ ತೇವ ಕುಡಿದ ಮರ ಬಾಗಿದಲ್ಲೇ ನಿಂತುಬಿಡುತ್ತದೆ, ಗುಂಡ್ಲುಪೇಟೆಯ ಬಿಸಿಲಿನಲ್ಲಿ ಒಣಗಿದ್ದು ಬಿಗಿಯುತ್ತದೆ. ಒಂದೇ ಅರ್ಧ ಇಂಚು ಎರಡು ಊರಿನಲ್ಲಿ ಎರಡು ಬಿಲ್ಲು.

ಆಚಾರಿಯ ಮಾತು ಕೇಳಿದ ಮೇಲೆ ಗಾಜಿನ ಚೂರು ಹಿಡಿದು ಕೊಪ್ಪಿನ ಕಡೆ ಕೆರೆಯುತ್ತ ಕೂತೆ. ನಾಲ್ಕು ಎಳೆ ಕೆರೆಯುವುದು, ಹೆದೆಯೇರಿಸಿ ಇಪ್ಪತ್ತು ಸಲ ಎಳೆದು ನೋಡುವುದು, ಮತ್ತೆ ಕೆರೆಯುವುದು. ಎಳೆತದ ಬಲ 38 ಪೌಂಡಿನಿಂದ 31ಕ್ಕೆ ಇಳಿಯಿತು. ಆದರೆ ಅಂಬು ಮೊದಲಿಗಿಂತ ಚುರುಕಾಗಿ ಹೋಗುತ್ತಿದೆ. ಕೆಳತೋಳು ಮೇಲಿನದಕ್ಕಿಂತ ಒಂದು ಕೂದಲೆಳೆ ಬಿಗಿಯಾಗಿರಬೇಕು, ಹಿಡಿಯುವ ಕೈ ನಡುಮಧ್ಯಕ್ಕಿಂತ ಕೆಳಗೆ ಬರುತ್ತದಲ್ಲ. ಸದ್ಯ ನನ್ನದರಲ್ಲಿ ಅದು ಎರಡು ಕೂದಲೆಳೆ ಇದೆ. ಗಾಜಿನ ಚೂರು ಇನ್ನೂ ಕಿಟಕಿಯ ಮೇಲೇ ಇದೆ.