ಹರಾಜುಕಟ್ಟೆಯ ವಕಾಲತ್ತು

ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜು ಸಂಸ್ಥೆ ಶುರುವಾದದ್ದು 1793ರಲ್ಲಿ, ಶ್ರೀರಂಗಪಟ್ಟಣ ಬೀಳುವುದಕ್ಕೆ ಆರು ವರ್ಷ ಮುಂಚೆ. ಹಳೆಯ ಅಚ್ಚುಚಿತ್ರಗಳ ವ್ಯಾಪಾರಿ ಥಾಮಸ್ ಡಾಡ್ ಮತ್ತು ಪುಸ್ತಕ ಬಲ್ಲ ವಾಲ್ಟರ್ ಬೊನ್‌ಹ್ಯಾಮ್ ಸೇರಿ ತೆರೆದ ಈ ಮಳಿಗೆ ಕೈಯಿಂದ ಕೈಗೆ ದಾಟಿ, 2001ರಲ್ಲಿ ಫಿಲಿಪ್ಸ್ ಸಂಸ್ಥೆಯೊಂದಿಗೆ ಕೂಡಿಕೊಂಡು ಇಂದಿನ ರೂಪಕ್ಕೆ ಬಂತು. ಇಷ್ಟು ಹಳೆಯ ಹೆಸರಿನ ಮುದ್ರೆ ಬಿದ್ದ ವಸ್ತು ಅಸಲಿಯೇ ಇರಬೇಕೆಂಬುದು ಕೊಳ್ಳುವವರ ನಂಬಿಕೆ. ಅದು ಕುರುಡು ನಂಬಿಕೆಯೇನಲ್ಲ; ಅವರ ಕ್ಯಾಟಲಾಗುಗಳು ನಮ್ಮ ಎಷ್ಟೋ ಪಿಎಚ್‌.ಡಿ. ಪ್ರಬಂಧಗಳಿಗಿಂತ ಎಚ್ಚರದಿಂದ ಬರೆದವು. ಆದರೆ ಅಸಲಿತನಕ್ಕೆ ಹೇಳಿದ ಸಾಕ್ಷಿಯೇ ಸದ್ದಿಲ್ಲದೆ ಒಡೆತನಕ್ಕೂ ಸಾಕ್ಷಿಯಾಗಿಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

2023ರ ಮೇ 23ರಂದು ಈ ಸಂಸ್ಥೆ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗವನ್ನು ಹರಾಜಿಗಿಟ್ಟಿತು. 15ರಿಂದ 20 ಲಕ್ಷ ಪೌಂಡ್ ಬಂದೀತೆಂದು ಅಂದಾಜಿತ್ತು. ಬಂದದ್ದು 1 ಕೋಟಿ 40 ಲಕ್ಷಕ್ಕೂ ಮೇಲೆ. ಉಕ್ಕಿಗೆ, ಚಿನ್ನದ ಕುಸುರಿಗೆ ಯಾರೂ ಇಷ್ಟು ತೆರುವುದಿಲ್ಲ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಅರಮನೆಯಲ್ಲಿ ಸಿಕ್ಕ ಖಡ್ಗವಿದು. ಶ್ರೀರಂಗಪಟ್ಟಣದ ಮೇಲಿನ ಬ್ರಿಟಿಷ್ ದಾಳಿಯ ಮುಂದಾಳು ಡೇವಿಡ್ ಬೇರ್ಡನಿಗೆ ಸೈನ್ಯ ಮೆಚ್ಚಿ ಕೊಟ್ಟದ್ದು. ಅದೇ ಪಟ್ಟಣದ ಸೆರೆಯಲ್ಲಿ ಹಿಂದೆ ಮೂರು ವರ್ಷಕ್ಕೂ ಹೆಚ್ಚು ಕೊಳೆತವನು ಬೇರ್ಡ್. ಕ್ಯಾಟಲಾಗು ಇದನ್ನು ಬಚ್ಚಿಡಲಿಲ್ಲ. ಕಳ್ಳಮಾಲಿನ ವ್ಯಾಪಾರದಲ್ಲಿ ಮೂಲ ಮುಚ್ಚಿಟ್ಟಷ್ಟೂ ಲಾಭ. ಇಲ್ಲಿ ಲೂಟಿಯ ಕಥೆ ಬಿಚ್ಚಿಟ್ಟಷ್ಟೂ ಬೆಲೆ ಏರಿತು.

ಗುಟ್ಟಾಗಿ ಕೈಬದಲಾಗುವುದಕ್ಕಿಂತ ಹತ್ತು ಜನರೆದುರು ಮಾರುವುದು ಮೇಲಲ್ಲವೇ ಎನ್ನಬಹುದು. ಮೇಲೇ. ಬಹಿರಂಗವಾಗಿ ಮಾರಿದ್ದರಿಂದಲೇ ಆ ಖಡ್ಗ ಎಲ್ಲಿತ್ತೆಂದು ನಮಗೂ ತಿಳಿಯಿತು. ಆದರೆ ಶ್ರೀರಂಗಪಟ್ಟಣದ ಲೂಟಿಯೂ ಬಹಿರಂಗವಾಗಿಯೇ ನಡೆದಿತ್ತು: ಮೊದಲ ರಾತ್ರಿಯ ದೊಂಬಿ ಮುಗಿದ ಮೇಲೆ ಸೈನ್ಯದ ಅಧಿಕಾರಿಗಳೇ ಕೂತು ಲೆಕ್ಕ ಬರೆದರು, ಸಿಂಹಾಸನ ಒಡೆಸಿದರು, ಹರಾಜು ಕೂಗಿಸಿದರು, ದರ್ಜೆಗೆ ತಕ್ಕಂತೆ ಪಾಲು ಹಂಚಿದರು. ದೋಚಿದ್ದನ್ನು ಆಸ್ತಿಯಾಗಿಸುವ ಉಪಾಯವಾಗಿ ಹರಾಜು ಅಲ್ಲೇ ಕೆಲಸಕ್ಕೆ ಬಂದಿತ್ತು. ಲಂಡನ್ನಿನದು ಅದರ ಮುಂದುವರಿಕೆ. ಟಿಪ್ಪುವಿನ ಸೈನ್ಯ ದೋಚಲಿಲ್ಲವೇ ಎಂಬ ಎದುರುಮಾತೂ ಇದೆ. ಕೊಡಗಿನವರು, ಮಲಬಾರಿನವರು ಹಕ್ಕಿನಿಂದ ಕೇಳಬಹುದಾದ ಪ್ರಶ್ನೆ ಅದು, ಹರಾಜುಕಟ್ಟೆಗೆ ವಕಾಲತ್ತಾಗಲಾರದು.

ಉಳಿದದ್ದು ಕಾನೂನಿನ ಮಾತು. ಬೊನ್‌ಹ್ಯಾಮ್ಸ್ ಕಾನೂನು ಮೀರಿಲ್ಲ, ನಿಜ. ಆ ಸಿಂಹಾಸನದ ಹುಲಿತಲೆಗಳನ್ನೂ 2009, 2010ರಲ್ಲಿ ಅದು ಮಾರಿತ್ತು. 2021ರಲ್ಲಿ ಅಂಥದೊಂದು ಹುಲಿತಲೆಯನ್ನು, ಬೆಲೆ 15 ಲಕ್ಷ ಪೌಂಡ್, ಬ್ರಿಟನ್ ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. ಬ್ರಿಟನ್ನಿನವರೇ ಯಾರಾದರೂ ಕೊಂಡು ಉಳಿಸಿಕೊಳ್ಳಲೆಂದು. ಒಂದು ವಸ್ತು ನಾಡು ಬಿಟ್ಟು ಹೋದರೆ ನಾಡಿಗೆ ನಷ್ಟವೆಂಬುದು ಆ ಕಾನೂನಿಗೆ ಚೆನ್ನಾಗಿಯೇ ಗೊತ್ತು. ಆದರೆ ಅದರ ಲೆಕ್ಕ ಶುರುವಾಗುವುದು ಹುಲಿತಲೆ ಬ್ರಿಟನ್ ಸೇರಿದ ಮೇಲೆ.