72 ತಾಸಿನ ಹಕ್ಕು

ವಿದ್ಯಾಗಿರಿಯಿಂದ ನವನಗರದ ದೊಡ್ಡಾಸ್ಪತ್ರೆಗಳ ಕಡೆ ಹೊರಟ ಆಟೋಗಳಲ್ಲಿ ಕೂತವರ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಸಾಮಾನ್ಯ ನೋಟ. ಅದರೊಳಗೆ ಮಡಚಿ ಗೆರೆಬಿದ್ದ ಎಕ್ಸ್‌ರೇ, ರಕ್ತದ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು. ಲ್ಯಾಬುಗಳು ವಾಟ್ಸಾಪಿಗೇ ಪಿಡಿಎಫ್ ಕಳಿಸುವ ಕಾಲದಲ್ಲೂ ಈ ಚೀಲ ಹಗುರಾಗಿಲ್ಲ. ಕಂಪ್ಯೂಟರು ಬಂದಷ್ಟು ಬೇಗ ಕಾನೂನು ಬರಲಿಲ್ಲ.

ಹಾಗೆಂದು ದಾಖಲೆ ಕೇಳುವ ಹಕ್ಕೇ ರೋಗಿಗೆ ಇಲ್ಲವೆಂದಲ್ಲ. ಗೋಪ್ಯತೆಯ ನೆಪ ಹೇಳಿ ರೋಗಿಗೆ ಅವನದೇ ದಾಖಲೆ ನಿರಾಕರಿಸುವಂತಿಲ್ಲ ಎಂದು ರಘುನಾಥ ರಹೇಜಾ ಪ್ರಕರಣದಲ್ಲಿ ಮುಂಬೈ ಹೈಕೋರ್ಟ್ 1996ರಲ್ಲೇ ಹೇಳಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಇನ್ನೂ ಸ್ಪಷ್ಟ: ಒಳರೋಗಿಯ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕು, ಕೇಳಿದರೆ 72 ತಾಸಿನೊಳಗೆ ಕೊಡಬೇಕು. ಕೊಡದಿದ್ದರೆ ಅದು ವೃತ್ತಿಯ ದುರ್ನಡತೆ.

ತೊಡಕಿರುವುದು ಇಲ್ಲೇ. ಈ ನಿಯಮ ಹಿಡಿಯುವುದು ವೈದ್ಯರನ್ನು; ರೆಕಾರ್ಡ್ ರೂಮಿನ ಕೀಲಿಯೂ ಸಾಫ್ಟ್‌ವೇರಿನ ಪಾಸ್‌ವರ್ಡೂ ಆಡಳಿತದ ಕೈಯಲ್ಲಿ. ಓಪಿಡಿ ಚೀಟಿಗೆ ಆ 3 ವರ್ಷದ ರಕ್ಷಣೆಯೂ ಇಲ್ಲ.

ಆಮೇಲೆ ಬಂದವುಗಳಲ್ಲಿ ಮಾತು ದೊಡ್ಡದು, ಹಿಡಿತ ಸಡಿಲು. ವಿದ್ಯುನ್ಮಾನ ಆರೋಗ್ಯ ದಾಖಲೆಗಳ 2016ರ ಮಾನದಂಡ ರೋಗಿಯನ್ನೇ ಮಾಹಿತಿಯ ಒಡೆಯನೆಂದಿತು. ತಪ್ಪಿದವರಿಗೆ ದಂಡ ವಿಧಿಸಲಿಲ್ಲ. ಆರೋಗ್ಯ ಮಾಹಿತಿಯ ಭದ್ರತೆಗೆಂದು ಬಂದ 2018ರ 'ದಿಶಾ' ಮಸೂದೆ ಕರಡಿನಲ್ಲೇ ಉಳಿಯಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದು 72 ತಾಸನ್ನು 5 ಕೆಲಸದ ದಿನಗಳಿಗೆ ಹಿಗ್ಗಿಸಿತು, ಅದೇ ತಿಂಗಳು ತಡೆಹಿಡಿಯಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಡುವುದು ಮಾಹಿತಿಯ ಸಾರಾಂಶ ಕೇಳುವ ಹಕ್ಕು. ಸಾರಾಂಶ ಹಿಡಿದು ಹೋದರೆ ಎರಡನೇ ವೈದ್ಯರಿಗೆ ಏನು ತಿಳಿದೀತು? ಅವರಿಗೆ ಬೇಕಾದದ್ದು ಸ್ಕ್ಯಾನಿನ ಚಿತ್ರ.

2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಲ್ಲರಿಗೂ 14 ಅಂಕಿಯ 'ಆಭಾ' ಸಂಖ್ಯೆ ಕೊಡಹೊರಟಿತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ಪಡೆಯುವ ಸೌಕರ್ಯ ನಿಜಕ್ಕೂ ಒಳ್ಳೆಯದು. ಆದರೆ ಆಸ್ಪತ್ರೆ ತಾನಾಗಿ ಆ ಸಂಖ್ಯೆಗೆ ದಾಖಲೆ ಜೋಡಿಸದಿದ್ದರೆ ರೋಗಿಯ ಆ್ಯಪ್ ಖಾಲಿ. ಹುನಗುಂದದವರು ಸೊಲ್ಲಾಪುರಕ್ಕೋ ಮಿರಜಿಗೋ ಹೋದರೆ ಮತ್ತೆ ಅದೇ ರಕ್ತಪರೀಕ್ಷೆ, ಮತ್ತೆ ಅದೇ ಖರ್ಚು. ಅಮೆರಿಕದಲ್ಲಿ 2021ರ ಏಪ್ರಿಲಿನಿಂದ ಇಂಥ ಆರೋಗ್ಯ ಮಾಹಿತಿಯನ್ನು ಅಡ್ಡಗಟ್ಟುವುದೇ ನಿಯಮಭಂಗ.

ಕರ್ನಾಟಕ ದಿಲ್ಲಿಯ ದಾರಿ ಕಾಯಬೇಕಿಲ್ಲ. ಖಾಸಗಿ ಆಸ್ಪತ್ರೆಗಳ ನೋಂದಣಿ ರಾಜ್ಯದ 2007ರ ಕಾಯ್ದೆಯಡಿ ನಡೆಯುತ್ತದೆ. 2017ರ ತಿದ್ದುಪಡಿ ರೋಗಿಗಳ ಸನ್ನದನ್ನೂ ಸೇರಿಸಿತು. ನೋಂದಣಿ ನವೀಕರಣಕ್ಕೆ 72 ತಾಸಿನ ಷರತ್ತು ಹಾಕಿ, ಡಿಜಿಟಲ್ ಪ್ರತಿಯನ್ನೂ ಸ್ಕ್ಯಾನಿನ ಮೂಲ ಚಿತ್ರವನ್ನೂ ಅದರಲ್ಲಿ ಹೆಸರಿಸಿದರೆ ಹೊಣೆ ಆಡಳಿತದ ಹೆಗಲಿಗೇರುತ್ತದೆ.